ಮುನ್ನೂರು ಟಿಕೆಟ್, ಐದು ಸಾವಿರ ಬೆರಳು

2024ರ ಜನವರಿ 26 ಶುಕ್ರವಾರ ಬಂದಿತ್ತು. ಗಣರಾಜ್ಯೋತ್ಸವಕ್ಕೆ ಶನಿವಾರ, ಭಾನುವಾರ ಸೇರಿ ಮೂರು ದಿನದ ಸಾಲು ರಜೆ. ವಾರವಿಡೀ ಪರದೆ ನೋಡಿ ಕಣ್ಣು ಕೆಂಪಾದ ಬೆಂಗಳೂರಿನ ತರುಣ ತರುಣಿಯರಿಗೆ ಬೆಟ್ಟ ನೆನಪಾಗಲು ಇಷ್ಟು ಸಾಕು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತಲು ಸಾವಿರಾರು ಮಂದಿ ಒಮ್ಮೆಗೇ ಬಂದಿಳಿದರು. ಕಾಡಿನ ಕಾಲುದಾರಿಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡವರ ಸಾಲು. ಮುಂದಿನವರು ಕಾಲೆತ್ತದೆ ಹಿಂದಿನವರು ಕದಲುವಂತಿಲ್ಲ. ಆ ಸಾಲಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ, ಬೆಟ್ಟ ಹತ್ತಿದವರಿಗಿಂತ ಹೆಚ್ಚು ಬೇಗ ವಿಧಾನಸೌಧ ತಲುಪಿತು.

ಅರಣ್ಯ ಸಚಿವ ಈಶ್ವರ ಖಂಡ್ರೆ ಕೆಲವೇ ದಿನಗಳಲ್ಲಿ ಆದೇಶ ಹೊರಡಿಸಿದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳಿಗೆಲ್ಲ ತಾತ್ಕಾಲಿಕ ನಿರ್ಬಂಧ. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ಪಥಕ್ಕೆ ದಿನಕ್ಕೆ 300 ಮಂದಿ. ಹೋಗುವವರ ಹೆಸರು, ಗುರುತಿನ ಚೀಟಿ ಮೊದಲೇ ದಾಖಲಾಗಬೇಕು. ಒಬ್ಬರೇ ಸಿಕ್ಕಾಪಟ್ಟೆ ಟಿಕೆಟ್ ಕೊಂಡಿಟ್ಟುಕೊಳ್ಳದಂತೆ ಅದಕ್ಕೂ ಮಿತಿ. ಕೊಡಗಿನ ತಡಿಯಂಡಮೋಳ್, ಸೋಮವಾರಪೇಟೆ ತಾಲ್ಲೂಕಿನ ಬೀದಳ್ಳಿ ಕಡೆಯಿಂದ ಹತ್ತುವ ಕುಮಾರ ಪರ್ವತ, ಇವೆಲ್ಲ ಈಗ ಮೊಬೈಲಿನಲ್ಲಿ ಕೊಳ್ಳುವ ಸರಕು.

ನಿರ್ಧಾರ ಒಳ್ಳೆಯದೇ. ಪುಷ್ಪಗಿರಿ ವನ್ಯಜೀವಿ ಧಾಮದೊಳಗಿನ ಒಂದು ಶಿಖರ, 1,712 ಮೀಟರ್ ಎತ್ತರದ್ದು, ಒಂದು ದಿನದಲ್ಲಿ ಎಷ್ಟು ಬೂಟುಗಳನ್ನು ತಾಳಿಕೊಳ್ಳಬಲ್ಲದು? ಎಷ್ಟು ಬಿಸ್ಕತ್ತಿನ ಪೊಟ್ಟಣ, ಎಷ್ಟು ನೀರಿನ ಬಾಟಲಿ? ಮಿತಿ ಬೇಕಿತ್ತು, ಬಂತು. ಆದರೆ ಮಿತಿ ಹಾಕಿದ ಮಾತ್ರಕ್ಕೆ ಹಂಬಲ ಕಡಿಮೆಯಾಗುವುದಿಲ್ಲವಲ್ಲ. ಚೆಕ್‌ಪೋಸ್ಟಿನ ಮುಂದೆ ಕಾಣುತ್ತಿದ್ದ ಜನರ ಸಾಲು ಈಗ ಕಣ್ಣಿಗೆ ಕಾಣದ ಕಡೆ, ಸರ್ವರ್‌ನ ಬಾಗಿಲಲ್ಲಿ ನಿಂತಿದೆ. ಆ ಸಾಲನ್ನು ಹೇಗೆ ನಡೆಸಬೇಕು, ಯಾರನ್ನು ಮೊದಲು ಒಳಗೆ ಬಿಡಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಕೇಳಿಲ್ಲ. ಜಾಲತಾಣ ಮಾಡಿಕೊಟ್ಟವರು ‘ಮೊದಲು ಬಂದವರಿಗೆ ಮೊದಲು’ ಎಂದುಬಿಟ್ಟರೆ ಮುಗಿಯಿತು ಎಂಬ ಭಾವನೆ ಎಲ್ಲ ಇಲಾಖೆಗಳಲ್ಲೂ ಇದೆ.

ಮೊದಲು ಲೆಕ್ಕ. ಚಾರಣದ ಹಂಗಾಮು ಚಿಕ್ಕದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಜಾರುವ ಬಂಡೆ. ಫೆಬ್ರುವರಿ ದಾಟಿದರೆ ಕಾಳ್ಗಿಚ್ಚಿನ ಭಯ, ದಾರಿ ಮುಚ್ಚುವುದುಂಟು. ಹಸಿರೂ ಇದ್ದು ಬಿಸಿಲೂ ಹಿತವಾಗಿರುವುದು ಅಕ್ಟೋಬರ್‌ನಿಂದ ಜನವರಿವರೆಗೆ. ಈ ನಾಲ್ಕು ತಿಂಗಳಲ್ಲಿ ಸಿಗುವ ಶನಿವಾರ, ಭಾನುವಾರಗಳು ಸುಮಾರು 35. ದಿನಕ್ಕೆ 300ರಂತೆ ಒಂದು ಪಥಕ್ಕೆ ವಾರಾಂತ್ಯದ ಜಾಗ ಹತ್ತು ಸಾವಿರ ಚಿಲ್ಲರೆ. ಕೋಟಿಗೂ ಮೀರಿದ ಜನರಿರುವ ಬೆಂಗಳೂರು ಆರು ಗಂಟೆಯ ಹಾದಿಯಲ್ಲಿದೆ. ಮೈಸೂರು, ಮಂಗಳೂರು, ಕಣ್ಣೂರು ಇನ್ನೂ ಹತ್ತಿರ. ಸಾಲು ರಜೆ ಬಂದಾಗ ಟಿಕೆಟ್ ಬಿಡುವ ಗಳಿಗೆಗೆ ಐದು ಸಾವಿರ ಜನ ಬೆರಳು ಎತ್ತಿಕೊಂಡು ಕಾಯುತ್ತಿದ್ದಾರೆ ಎಂದುಕೊಳ್ಳಿ. ಈ ಐದು ಸಾವಿರ ನನ್ನ ಊಹೆ. ವಾದಕ್ಕೆ ಅಷ್ಟು ಸಾಕು.

ಆ ಗಳಿಗೆಯಲ್ಲಿ ಏನಾಗುತ್ತದೆ? ಪುಟ ತೆರೆಯುವುದಿಲ್ಲ. ತೆರೆಯದಿದ್ದಾಗ ಮನುಷ್ಯ ಮಾಡುವುದು ಒಂದೇ: ಮತ್ತೆ ಒತ್ತುವುದು. ಇನ್ನೊಂದು ಟ್ಯಾಬ್ ತೆರೆಯುತ್ತಾನೆ. ಹೆಂಡತಿಯ ಮೊಬೈಲಿನಲ್ಲೂ ಒತ್ತುತ್ತಾನೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಿಮಗೆ ಓಪನ್ ಆಗ್ತಿದ್ಯಾ’ ಎಂದು ಕೇಳುತ್ತಾನೆ. ಆಗದವರೆಲ್ಲ ಮತ್ತೊಮ್ಮೆ ಒತ್ತುತ್ತಾರೆ. ಐದು ಸಾವಿರ ಮಂದಿ ಐವತ್ತು ಸಾವಿರ ಕೋರಿಕೆಗಳಾಗಲು ಎರಡು ನಿಮಿಷ ಬೇಡ. ಸರ್ವರ್ ಪ್ರತಿ ಕೋರಿಕೆಗೂ ದತ್ತಾಂಶದ ಕಪಾಟು ತೆರೆದು ‘ಎಷ್ಟು ಉಳಿದಿದೆ’ ಎಂದು ನೋಡಬೇಕು. ಉತ್ತರ ಸಿದ್ಧವಾಗುವಷ್ಟರಲ್ಲಿ ಕೇಳಿದವನು ಪುಟ ಮುಚ್ಚಿ ಹೊಸದಾಗಿ ಕೇಳಿರುತ್ತಾನೆ. ಹಳೆಯ ಕೋರಿಕೆಗೆ ಮಾಡಿದ ಕೆಲಸವೆಲ್ಲ ದಂಡ. ಹೀಗೆ ಬಿದ್ದ ಸರ್ವರ್ ಏಳಲು ಒದ್ದಾಡುವುದು ಜನರ ಸಂಖ್ಯೆಯಿಂದಲ್ಲ, ಅವರ ಅವಸರದಿಂದ.

ಇದಕ್ಕೆ ಕಂಡುಕೊಂಡ ಉಪಾಯವೇ ಆನ್‌ಲೈನ್ ಸರತಿ. ಅಂಗಡಿಯ ಮುಂದೆ ಒಂದು ಜಗಲಿ ಕಟ್ಟಿದ ಹಾಗೆ. ಜಗಲಿಯ ಪುಟ ಬಹಳ ಹಗುರ: ಚಿತ್ರವಿಲ್ಲ, ದತ್ತಾಂಶದ ಹುಡುಕಾಟವಿಲ್ಲ. ಬಂದವರಿಗೆ ಅದು ಒಂದು ಗುರುತು ಕೊಟ್ಟು ಕೂರಿಸುತ್ತದೆ. ಸೀಮೆಎಣ್ಣೆಯ ಕಾಲದಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬ ಇಟ್ಟು ಮನೆಗೆ ಹೋಗಿ ಬರುತ್ತಿದ್ದರಲ್ಲ, ಡಬ್ಬ ಸಾಲಿನಲ್ಲಿ ಮುಂದೆ ಹೋಗುತ್ತಿತ್ತು, ಆ ಗುರುತೂ ಹಾಗೆಯೇ. ಪುಟ ತಾನಾಗಿಯೇ ಆಗಾಗ ಕೇಳಿಕೊಳ್ಳುತ್ತದೆ, ನೀವು ಒತ್ತಬೇಕಿಲ್ಲ. ಒಳಗಿನ ಅಂಗಡಿ ನಿಮಿಷಕ್ಕೆ ಎಷ್ಟು ಜನರನ್ನು ಸಂಭಾಳಿಸಬಲ್ಲದೋ ಅಷ್ಟೇ ಮಂದಿಗೆ ಬಾಗಿಲು ತೆರೆಯುತ್ತದೆ.

ಒಳಗೆ ಹೋದವರಿಗೂ ಗಡಿಯಾರ ಓಡುತ್ತಿರುತ್ತದೆ. ಆಯ್ದ ಟಿಕೆಟನ್ನು ಹತ್ತು ನಿಮಿಷ ನಿಮ್ಮ ಹೆಸರಿನಲ್ಲಿ ಹಿಡಿದಿಡಲಾಗುತ್ತದೆ. ಹಣ ಕಟ್ಟದಿದ್ದರೆ ಮುಂದಿನವರಿಗೆ ಬಿಟ್ಟುಕೊಡಬೇಕು. ಈ ಹಿಡಿದಿಡುವ ವ್ಯವಸ್ಥೆ ಇಲ್ಲದ ತಾಣಗಳಲ್ಲೇ ‘ದುಡ್ಡು ಕಟ್ ಆಯ್ತು, ಟಿಕೆಟ್ ಬರಲಿಲ್ಲ’ ಎಂಬ ಗೋಳು ಕೇಳಿಬರುವುದು. ಒಂದೇ ಜಾಗವನ್ನು ಇಬ್ಬರಿಗೆ ತೋರಿಸಿ, ಯಾರ ಯುಪಿಐ ಮೊದಲು ಮುಟ್ಟಿತೋ ಅವರಿಗೆ ಕೊಟ್ಟು, ಇನ್ನೊಬ್ಬರಿಗೆ ‘ಏಳು ದಿನದಲ್ಲಿ ಹಣ ವಾಪಸ್’ ಎನ್ನುವುದು ವ್ಯಾಪಾರದ ಲಕ್ಷಣವಲ್ಲ. ಪ್ರತಿ ಖರೀದಿಗೂ ಒಂದೇ ಗುರುತಿನ ಸಂಖ್ಯೆ ಇರಬೇಕು. ನೆಟ್‌ವರ್ಕ್ ಕೈಕೊಟ್ಟು ಎರಡು ಸಲ ಒತ್ತಿದರೂ ಹಣ ಒಂದೇ ಸಲ ಹೋಗಬೇಕು. ಮಡಿಕೇರಿಯ ಮಳೆಗಾಲದಲ್ಲಿ ಮೊಬೈಲ್ ಹಿಡಿದು ಬದುಕಿದವರಿಗೆ ಇದರ ಬೆಲೆ ಗೊತ್ತು.

ಸರತಿಯ ಈ ಶಾಸ್ತ್ರದ ಮೂಲ ಪುರುಷ ಡೆನ್ಮಾರ್ಕಿನವನು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ದೂರವಾಣಿ ಕರೆಗಳ ಸಂಭವನೀಯತೆಯ ಬಗ್ಗೆ ಪ್ರಬಂಧ ಬರೆದ. ಇಷ್ಟು ಜನ ಕರೆ ಮಾಡುವ ಊರಿಗೆ ಎಷ್ಟು ತಂತಿ ಬೇಕು, ಎಷ್ಟು ಆಪರೇಟರ್ ಬೇಕು ಎಂಬ ವ್ಯಾವಹಾರಿಕ ಪ್ರಶ್ನೆಯಿಂದ ಹುಟ್ಟಿದ ಲೆಕ್ಕ ಅದು. ಇಂದು ಜಗತ್ತಿನ ದೊಡ್ಡ ದೊಡ್ಡ ಮಾರಾಟಗಳಿಗೆ ಆನ್‌ಲೈನ್ ಸರತಿ ಒದಗಿಸುವ ‘ಕ್ಯೂ-ಇಟ್’ ಕಂಪನಿ 2010ರಲ್ಲಿ ಹುಟ್ಟಿದ್ದೂ ಅದೇ ಕೋಪನ್‌ಹೇಗನ್‌ನಲ್ಲಿ. ಆ ಊರಿನ ನೀರಿನಲ್ಲೇ ತಾಳ್ಮೆ ಇರಬೇಕು.

ಎರ್ಲಾಂಗನ ನಂತರ ಬಂದ ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಒಂದು ಸರಳ ಸೂತ್ರವನ್ನು ಸಾಧಿಸಿ ತೋರಿಸಿದ. ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ, ನಿಮಿಷಕ್ಕೆ ಒಳಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಒಳಗಿರುವ ನಿಮಿಷಗಳಿಂದ ಗುಣಿಸಿದ್ದು. ಅಷ್ಟೇ. ಇದನ್ನು ನಮ್ಮ ಬೆಟ್ಟಕ್ಕೆ ಹಚ್ಚಿ ನೋಡೋಣ. ಹೆಸರು, ಗುರುತಿನ ಚೀಟಿ, ಒಟಿಪಿ, ಪಾವತಿ ಎಲ್ಲ ಸೇರಿ ಒಬ್ಬರಿಗೆ ಆರು ನಿಮಿಷ ಬೇಕು. ಸರ್ವರ್ ಒಮ್ಮೆಗೆ 30 ಮಂದಿಯನ್ನು ನೆಮ್ಮದಿಯಾಗಿ ನೋಡಿಕೊಳ್ಳಬಲ್ಲದು ಎಂದಾದರೆ ನಿಮಿಷಕ್ಕೆ ಐವರನ್ನು ಬಿಡಬಹುದು. ಒಬ್ಬೊಬ್ಬರು ಸರಾಸರಿ ನಾಲ್ಕು ಟಿಕೆಟ್ ಕೊಂಡರೆ 300 ಟಿಕೆಟ್‌ಗೆ ಗಿರಾಕಿಗಳು 75. ಐವರಂತೆ 15 ನಿಮಿಷದಲ್ಲಿ ಅವರೆಲ್ಲ ಒಳಗೆ ಬಂದಾಯಿತು, ಇನ್ನಾರು ನಿಮಿಷದಲ್ಲಿ ಮಾರಾಟ ಮುಗಿಯಿತು.

ಹೊರಗೆ ಕಾದವರು ಐದು ಸಾವಿರ. ಅವರಲ್ಲಿ 4,925 ಮಂದಿ ಶಿಸ್ತಾಗಿ, ಸಭ್ಯವಾಗಿ, ಸರ್ವರ್ ಬೀಳದ ಹಾಗೆ ನಿಂತು ಬರಿಗೈಯಲ್ಲಿ ಹೋದರು.

ಸರತಿ ಪುಟದ ಮಾರಾಟಗಾರರು ಈ ಮಾತನ್ನು ಎತ್ತುವುದಿಲ್ಲ. ಸರತಿ ಉಳಿಸುವುದು ಯಂತ್ರವನ್ನು. ಸರಕು ಬೇಕಾದಷ್ಟಿದ್ದು ಬಾಗಿಲು ಮಾತ್ರ ಕಿರಿದಾಗಿದ್ದರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ: ಪರೀಕ್ಷಾ ಫಲಿತಾಂಶ ನೋಡುವ ದಿನ, ತೆರಿಗೆ ಕಟ್ಟುವ ಕೊನೆಯ ದಿನ. ಎಲ್ಲರಿಗೂ ಸಿಗುತ್ತದೆ, ಸ್ವಲ್ಪ ತಡವಾಗಿ. ಸರಕೇ ಇಲ್ಲದಾಗ ಸರತಿ ಹಂಚುವುದು ನಿರಾಸೆಯನ್ನು ಮಾತ್ರ. 2024ರ ಸೆಪ್ಟೆಂಬರ್ 22ರ ಮಧ್ಯಾಹ್ನ ಕೋಲ್ಡ್‌ಪ್ಲೇ ತಂಡದ ಮುಂಬೈ ಸಂಗೀತ ಕಾರ್ಯಕ್ರಮಕ್ಕೆ ಬುಕ್‌ಮೈಶೋ ಟಿಕೆಟ್ ಬಿಟ್ಟಾಗ ಕಂಪನಿಯ ಮಾತಿನಲ್ಲೇ 1.3 ಕೋಟಿಗೂ ಹೆಚ್ಚು ಮಂದಿ ಬಂದಿದ್ದರು. ಮೊದಲು ತಾಣ ಬಿತ್ತು, ಎದ್ದ ಮೇಲೆ ಜನರ ಪರದೆಯ ಮೇಲೆ ಲಕ್ಷಗಳಲ್ಲಿ ಸರತಿ ಸಂಖ್ಯೆಗಳು ಕಂಡವು. ಅದಕ್ಕೂ ಎರಡು ವರ್ಷ ಹಿಂದೆ, 2022ರ ನವೆಂಬರ್ 15ರಂದು, ಟೇಲರ್ ಸ್ವಿಫ್ಟ್ ಕಾರ್ಯಕ್ರಮಗಳ ಟಿಕೆಟ್ ಮಾರಿದ ಅಮೆರಿಕದ ಟಿಕೆಟ್‌ಮಾಸ್ಟರ್‌ಗೆ ಒಂದೇ ದಿನ 350 ಕೋಟಿ ಕೋರಿಕೆಗಳು ಬಂದು, ವಿಷಯ ಸೆನೆಟ್ ಸಮಿತಿಯ ವಿಚಾರಣೆಯವರೆಗೆ ಹೋಯಿತು. ‘ನಿಮ್ಮ ಮುಂದೆ 4,212 ಮಂದಿ ಇದ್ದಾರೆ’ ಎಂದು ತೋರಿಸುವ ಪುಟ, ಒಳಗೆ ಉಳಿದಿರುವುದು 40 ಟಿಕೆಟ್ ಎಂಬುದನ್ನು ಯಾಕೆ ತೋರಿಸುವುದಿಲ್ಲ? ತೋರಿಸಿದರೆ ಜನ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ, ಅವರ ಭಾನುವಾರ ಅವರಿಗೆ ಉಳಿಯುತ್ತದೆ.

ಇನ್ನು ‘ಮೊದಲು ಬಂದವರು’ ಯಾರು ಎಂಬುದು. ಕೌಂಟರಿನ ಮುಂದೆ ಮೊದಲು ಬಂದವನು ಬೇಗ ಎದ್ದವನು. ಆನ್‌ಲೈನಿನಲ್ಲಿ ಮೊದಲು ಬಂದವನು ಒಳ್ಳೆಯ ನೆಟ್‌ವರ್ಕ್ ಇರುವವನು, ಇಲ್ಲವೇ ಮನುಷ್ಯನೇ ಅಲ್ಲದ ಒಂದು ತಂತ್ರಾಂಶ. ತತ್ಕಾಲ್ ರೈಲು ಟಿಕೆಟಿಗೆ ಬೆಳಿಗ್ಗೆ ಹತ್ತಕ್ಕೆ, ಹನ್ನೊಂದಕ್ಕೆ ಕೂತವರಿಗೆಲ್ಲ ಇದು ಅನುಭವದ ಮಾತು. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿಗೋ ಕಣ್ಣೂರಿಗೋ ಹೋಗಿ ಹತ್ತಬೇಕಾದ ನಮಗೂ ತತ್ಕಾಲ್ ಸಂಕಟದಿಂದ ರಿಯಾಯಿತಿ ಸಿಕ್ಕಿಲ್ಲ. 2025ರ ಜೂನ್‌ನಲ್ಲಿ ರೈಲ್ವೆ ಸಚಿವಾಲಯವೇ ಒಪ್ಪಿಕೊಂಡಿತು: ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳ ಲಾಗಿನ್ ಪ್ರಯತ್ನಗಳಲ್ಲಿ ಅರ್ಧದಷ್ಟು ಬಾಟ್‌ಗಳದ್ದು. ಎರಡೂವರೆ ಕೋಟಿ ಅನುಮಾನಾಸ್ಪದ ಖಾತೆಗಳನ್ನು ನಿಷ್ಕ್ರಿಯಗೊಳಿಸಿದರು. ಜುಲೈ 1ರಿಂದ ಆಧಾರ್ ದೃಢೀಕರಣವಾದ ಖಾತೆಗಳಿಗೆ ಮಾತ್ರ ತತ್ಕಾಲ್. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ.

ಚಾರಣದ ಟಿಕೆಟಿಗೆ ಹೆಸರು, ಗುರುತಿನ ಚೀಟಿ ಕೇಳುವುದರಿಂದ ಕಾಳಸಂತೆ ಕಷ್ಟವಾಗುತ್ತದೆ, ನಿಜ. ಆದರೆ ಚೆಕ್‌ಪೋಸ್ಟಿನಲ್ಲಿ ನಿಂತ ವಾಚರ್ ಆ ಹೆಸರನ್ನೂ ಮುಖವನ್ನೂ ಹೋಲಿಸಿ ನೋಡಿದರೆ ಮಾತ್ರ. ಮಂಜು ಕವಿದ ಮುಂಜಾನೆ ಆರಕ್ಕೆ ಮುನ್ನೂರು ಮಂದಿ ಎದುರು ನಿಂತು ‘ಸಾರ್, ಬೇಗ ಬಿಡಿ ಸಾರ್’ ಎನ್ನುವಾಗ ಒಬ್ಬ ದಿನಗೂಲಿ ನೌಕರ ಎಷ್ಟು ಆಧಾರ್ ಕಾರ್ಡ್ ಓದಿಯಾನು? ಆನ್‌ಲೈನ್ ಎಂದು ನಾವು ಕರೆಯುವ ವ್ಯವಸ್ಥೆಯ ಕೊನೆಯ ಕೊಂಡಿ ಯಾವಾಗಲೂ ಇಂಥ ಒಬ್ಬ ಮನುಷ್ಯನೇ. ಬಜೆಟ್ಟಿನಲ್ಲಿ ಅವನ ಹೆಸರು ಸಾಮಾನ್ಯವಾಗಿ ಕೊನೆಗೇ ಬರುತ್ತದೆ.

ನೆಟ್‌ವರ್ಕಿನ ಮಾತಿಗೆ ಬರೋಣ. 2020ರ ಲಾಕ್‌ಡೌನಿನಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟರೊಬ್ಬರು ಮರದ ಮೇಲೆ ಬಿದಿರಿನ ಅಟ್ಟಣೆ ಕಟ್ಟಿಕೊಂಡು ಅಲ್ಲಿಂದ ಪಾಠ ಮಾಡಿದರು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ. ಪತ್ರಿಕೆಗಳಲ್ಲಿ ಬಂದ ಆ ಚಿತ್ರ ನೋಡಿ ದೇಶ ಮೆಚ್ಚಿತು. ಮೆಚ್ಚಬೇಕಾದ್ದೇ. ಅದೇ ತಾಲ್ಲೂಕಿನ ಬೆಟ್ಟದ ಟಿಕೆಟಿಗೆ ಅದೇ ತಾಲ್ಲೂಕಿನ ಹುಡುಗ ಇಂದಿರಾನಗರದ ಫೈಬರ್ ಸಂಪರ್ಕದ ಜೊತೆ ಓಟಕ್ಕೆ ನಿಲ್ಲಬೇಕು ಎನ್ನುವುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಆಗಸ್ಟಿನ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಟವರ್‌ನ ಬ್ಯಾಟರಿ ಮುಗಿಯುವವರೆಗೆ ಮಾತ್ರ ನಮ್ಮೂರು ಜಗತ್ತಿನ ಭಾಗ. ಹಂಗಾಮಿನ ಟಿಕೆಟ್ ಬಿಡುಗಡೆ ಇಂಥ ದಿನಗಳಲ್ಲೇ ಆದರೆ ತಡಿಯಂಡಮೋಳ್ ಬುಡದ ಕಕ್ಕಬೆಯ ಹೋಂಸ್ಟೇಯವರು ತಮ್ಮ ಮನೆಯ ಹಿಂದಿನ ಬೆಟ್ಟಕ್ಕೆ ಅತಿಥಿಗಳಿಗೆ ಟಿಕೆಟ್ ಮಾಡಿಸಲು ಮಡಿಕೇರಿಗೆ ಗಾಡಿ ತೆಗೆಯಬೇಕು.

ಕೋವಿಡ್ ಲಸಿಕೆಯ ಕಾಲದಲ್ಲಿ ಇದೇ ಪಾಠವನ್ನು ಇಡೀ ದೇಶ ಕಲಿತಿತ್ತು. 2021ರ ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ 18ರಿಂದ 44 ವಯಸ್ಸಿನವರಿಗೆ ಕೋವಿನ್ ನೋಂದಣಿ ತೆರೆದಾಗ ಒಟಿಪಿ ಬಾರದೆ ಜನ ಒದ್ದಾಡಿದರು. ಆದರೂ ಆ ದಿನವೇ ಕೋಟಿಗೂ ಮೀರಿ ಹೆಸರು ದಾಖಲಾದವು. ಆಮೇಲೆ ಸ್ಲಾಟ್ ಬೇಟೆ. ಟೆಲಿಗ್ರಾಂ ಗುಂಪುಗಳಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುವ ತಂತ್ರಾಂಶಗಳನ್ನು ಟೆಕ್ಕಿಗಳು ಬರೆದರು. ಬೆಂಗಳೂರಿನವರು ಸುತ್ತಲಿನ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಹಳ್ಳಿಯವರು ನೋಡುತ್ತ ನಿಂತರು. ಮೇ ಕೊನೆಗೆ ಸುಪ್ರೀಂ ಕೋರ್ಟ್ ‘ಡಿಜಿಟಲ್ ಅಂತರ’ದ ಪ್ರಶ್ನೆ ಎತ್ತಿತು. ಜೂನ್ ಮೊದಲ ವಾರದವರೆಗೆ ಕೋವಿನ್ ತಾಣ ಕನ್ನಡದಲ್ಲಿ ಇರಲಿಲ್ಲ. ಕೊನೆಗೆ ಸರ್ಕಾರ ಮಾಡಿದ್ದೇನು? ಲಸಿಕೆ ಕೇಂದ್ರಕ್ಕೆ ನೇರ ಬಂದವರಿಗೂ ಅಲ್ಲೇ ನೋಂದಣಿ ಮಾಡಿ ಚುಚ್ಚಲು ಒಪ್ಪಿತು. ಲಸಿಕೆಯ ಪೂರೈಕೆಯೂ ಹೆಚ್ಚಿತು, ಸ್ಲಾಟ್ ಎಂಬ ಮಾತೇ ಮರೆತುಹೋಯಿತು.

ಬೆಟ್ಟದ ವಿಷಯದಲ್ಲಿ ಪೂರೈಕೆ ಹೆಚ್ಚಿಸುವ ದಾರಿ ಇಲ್ಲ. ಎರಡನೆಯ ಕುಮಾರ ಪರ್ವತವನ್ನು ಯಾವ ಕಾರ್ಖಾನೆಯೂ ಮಾಡಿಕೊಡದು. ಹಾಗಾದರೆ ಹಂಚುವುದು ಹೇಗೆ?

ನಮ್ಮ ಪಕ್ಕದಲ್ಲೇ ಉತ್ತರವಿದೆ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್‌ಗಳು ದೊಡ್ಡ ಸಂಖ್ಯೆಯಲ್ಲಿರುತ್ತವೆ. ಅವನ್ನು ತಿಂಗಳುಗಳ ಮುಂಚೆ ಆನ್‌ಲೈನಿನಲ್ಲಿ ಬಿಡುತ್ತಾರೆ, ಸರತಿಯಲ್ಲಿ ಕಾದವರು ಕೊಳ್ಳುತ್ತಾರೆ. ಆದರೆ ಸುಪ್ರಭಾತ, ತೋಮಾಲೆ, ಅರ್ಚನೆಯಂಥ ಸೇವೆಗಳಿಗೆ ಜಾಗ ಬೆರಳೆಣಿಕೆಯಷ್ಟು. ಅಲ್ಲಿ ದೇವಸ್ಥಾನ ‘ಎಲೆಕ್ಟ್ರಾನಿಕ್ ಡಿಪ್’ ಮಾಡುತ್ತದೆ. ಕೆಲವು ದಿನ ನೋಂದಣಿಗೆ ಕೊಟ್ಟು, ಆಮೇಲೆ ಯಂತ್ರದಿಂದ ಚೀಟಿ ಎತ್ತಿಸಿ, ಆಯ್ಕೆಯಾದವರಿಗೆ ಹಣ ಕಟ್ಟಲು ಗಡುವು. ಯಾವಾಗ ಸರತಿ, ಯಾವಾಗ ಚೀಟಿ ಎಂಬ ವಿವೇಕವನ್ನು ಅಲ್ಲಿ ರೂಢಿಯೇ ಕಲಿಸಿದೆ.

ಅಮೆರಿಕದ ಯೊಸೆಮಿಟಿ ಉದ್ಯಾನದ ಹಾಫ್ ಡೋಮ್ ಎಂಬ ಬಂಡೆ ಶಿಖರಕ್ಕೂ ದಿನದ ಮಿತಿ ಹೆಚ್ಚುಕಡಿಮೆ 300 ಮಂದಿಯೇ. ಅಂಕಿ ನಮ್ಮದೇ, ಹಂಚುವ ರೀತಿ ಬೇರೆ. ತುದಿಯಲ್ಲಿ ಉಕ್ಕಿನ ಹಗ್ಗ ಹಿಡಿದು ಹತ್ತುವ ಕಡೆ ಜನ ಸಿಕ್ಕಿಕೊಂಡು ಅಪಾಯವಾಗತೊಡಗಿದಾಗ ಅಲ್ಲಿಯೂ ಪರವಾನಗಿ ಬಂತು. ಅಲ್ಲೂ ಮೊದಲು ‘ಮೊದಲು ಬಂದವರಿಗೆ’ ಎಂದೇ ಮಾರಿದರು. ಕೆಲವೇ ನಿಮಿಷದಲ್ಲಿ ಖಾಲಿಯಾಗಿ ಮರುಮಾರಾಟ ಶುರುವಾಯಿತು. ಆಮೇಲೆ ಲಾಟರಿಗೆ ಬದಲಾದರು: ಹಂಗಾಮಿಗೆ ಮುಂಚೆ ಒಂದು ದೊಡ್ಡ ಲಾಟರಿ, ಉಳಿದ ಮತ್ತು ರದ್ದಾದ ಜಾಗಗಳಿಗೆ ಎರಡು ದಿನ ಮುಂಚೆ ದಿನವೂ ಒಂದು ಚಿಕ್ಕ ಲಾಟರಿ. ಝಯಾನ್ ಉದ್ಯಾನದ ಏಂಜಲ್ಸ್ ಲ್ಯಾಂಡಿಂಗ್ ಚಾರಣಕ್ಕೂ 2022ರ ಏಪ್ರಿಲ್‌ನಿಂದ ಇದೇ ಕ್ರಮ.

ಚೀಟಿ ಎತ್ತುವುದರಲ್ಲಿ ಸರ್ವರ್ ಬೀಳುವ ಪ್ರಶ್ನೆಯೇ ಇಲ್ಲ ಎನ್ನುವುದು ತಂತ್ರಜ್ಞರಿಗೆ ಸಿಗುವ ಲಾಭ. ಐದು ಸಾವಿರ ಮಂದಿ ಒಂದು ವಾರದ ಅವಧಿಯಲ್ಲಿ ತಮಗೆ ಸಿಗ್ನಲ್ ಸಿಕ್ಕಾಗ ಹೆಸರು ಕೊಡುತ್ತಾರೆ. ಎಸ್ಟೇಟಿನಲ್ಲಿ ಕೆಲಸ ಮುಗಿಸಿ ರಾತ್ರಿ ಪೇಟೆಗೆ ಬಂದಾಗ ಕೊಟ್ಟರೂ ಆಯಿತು. ಬಾಟ್‌ನ ವೇಗಕ್ಕೆ ಬೆಲೆಯಿಲ್ಲ. ಒಬ್ಬರೇ ಹತ್ತು ಹೆಸರಿನಲ್ಲಿ ಬರದಂತೆ ಗುರುತಿನ ಚೀಟಿ ಹೇಗೂ ಇದೆ. ಅದೃಷ್ಟ ಇಲ್ಲದವರಿಗೆ ಎಸ್‌ಎಂಎಸ್ ಬರುತ್ತದೆ, ಅವರು ಬೇರೆ ದಿನಕ್ಕೆ ಹೆಸರು ಕೊಡುತ್ತಾರೆ. ‘ಅದೃಷ್ಟದ ಆಟವೇ ಸರ್ಕಾರದ್ದು?’ ಎಂದು ಮೂಗು ಮುರಿಯುವವರಿದ್ದಾರೆ. ಈಗಿನದೂ ಅದೃಷ್ಟವೇ. ಯಾರ ಮನೆಗೆ ಫೈಬರ್ ಬಂದಿದೆ, ಯಾರ ಕೆಲಸದ ಕುರ್ಚಿ ಕಂಪ್ಯೂಟರಿನ ಮುಂದಿದೆ ಎಂಬ ಅದೃಷ್ಟ. ಅದಕ್ಕಿಂತ ಚೀಟಿ ವಾಸಿ.

ಸರತಿಯನ್ನೇ ಇಟ್ಟುಕೊಳ್ಳುವುದಾದರೂ ಒಂದು ತಿದ್ದುಪಡಿ ಸುಲಭ. ಒಳ್ಳೆಯ ಸರತಿ ಪುಟಗಳು ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆಯೇ ಜಗಲಿಗೆ ಬಿಡುತ್ತವೆ. ಗಂಟೆ ಹೊಡೆದಾಗ ಅಷ್ಟರಲ್ಲಿ ಬಂದು ಕೂತವರನ್ನೆಲ್ಲ ಕಲಸಿ ಕ್ರಮ ಹಚ್ಚುತ್ತವೆ. ಒಂದು ಸೆಕೆಂಡಿನ ಅಂತರದಲ್ಲಿ ಒತ್ತಿದವನು ಐದು ಸಾವಿರ ಜನರ ಹಿಂದೆ ಬೀಳುವುದಿಲ್ಲ. ತಡವಾಗಿ ಬಂದವರು ಮಾತ್ರ ಕೊನೆಗೆ ಸೇರುತ್ತಾರೆ. ಜೊತೆಗೆ, ಉಳಿದ ಟಿಕೆಟ್ ಎಷ್ಟು ಎಂಬುದು ಸರತಿ ಪುಟದಲ್ಲೇ ಕಾಣಬೇಕು, ಮುಗಿದ ತಕ್ಷಣ ‘ಮುಗಿದಿದೆ’ ಎನ್ನಬೇಕು. ಕನ್ನಡದಲ್ಲಿ.

ಕೊಡಗಿನಲ್ಲಿ ಒಂದೇ ಗಳಿಗೆಗೆ ಎಲ್ಲರೂ ನುಗ್ಗುವ ಸನ್ನಿವೇಶ ಹೊಸದೇನಲ್ಲ. ಪ್ರತಿ ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಮುಹೂರ್ತ ಒಂದೇ, ಕೆಲವೊಮ್ಮೆ ನಡುರಾತ್ರಿ, ಕೆಲವೊಮ್ಮೆ ಬೆಳಗಿನ ಜಾವ. ಬ್ರಹ್ಮಕುಂಡಿಕೆಯೋ ಪುಟ್ಟದು. ಸಾವಿರಾರು ಮಂದಿ ಕೊಡ, ಬಾಟಲಿ ಹಿಡಿದು ಕಾಯುತ್ತಾರೆ. ಅಲ್ಲಿ ಸಾಲು ಸಂಭಾಳಿಸುವುದು ಪೊಲೀಸರಿಗೆ ವರ್ಷಕ್ಕೊಮ್ಮೆಯ ಪರೀಕ್ಷೆ. ಆದರೆ ಹಿರಿಯರು ಇನ್ನೊಂದು ದಾರಿಯನ್ನೂ ಮಾಡಿಟ್ಟಿದ್ದಾರೆ. ಬಂದವರು ತೀರ್ಥವನ್ನು ಊರಿಗೆ ಒಯ್ಯುತ್ತಾರೆ, ಬಾರದ ನೆಂಟರಿಗೆ, ನೆರೆಯವರಿಗೆ ಹಂಚುತ್ತಾರೆ. ಸಂಘಟನೆಗಳು ವಾಹನದಲ್ಲಿ ಊರೂರಿಗೆ ತೀರ್ಥ ತಲುಪಿಸುತ್ತವೆ. ವಯಸ್ಸಾದ ಅವ್ವ ಬೆಟ್ಟ ಹತ್ತದೆಯೂ ಮನೆಯಲ್ಲೇ ತೀರ್ಥ ತೆಗೆದುಕೊಳ್ಳುತ್ತಾಳೆ. ಹಂಚಲು ಬರುವ ವಸ್ತುವಿಗೆ ಸರತಿ ಬೇಡ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ತಂತ್ರಾಂಶವೂ ಹೇಳಲಾರದು.

ಈ ಮಾತು ನಮ್ಮ ಬೆಳೆಗಾರರಿಗೂ ಹೊಂದುತ್ತದೆ. ಕಿತ್ತಳೆ, ಜೇನು, ಮನೆಯಲ್ಲಿ ಹುರಿದ ಕಾಫಿ ಪುಡಿಯನ್ನು ಆನ್‌ಲೈನಿನಲ್ಲಿ ಮಾರುವ ತರುಣರು ಈಗ ಹೋಬಳಿಗೊಬ್ಬರು ಇದ್ದಾರೆ. ‘ಭಾನುವಾರ ಹತ್ತಕ್ಕೆ ಸ್ಟಾಕ್ ಬಿಡುತ್ತೇವೆ, ಮೊದಲ ನೂರು ಜನಕ್ಕೆ’ ಎಂದು ಹಾಕುವ ಚಾಳಿ ನಗರದ ಬೂಟು ಕಂಪನಿಗಳಿಂದ ಬಂದದ್ದು. ನೂರು ಕಿಲೋ ಜೇನಿಗೆ ಅದರ ಅಗತ್ಯವೇ ಇಲ್ಲ. ಹೆಸರು ಬರೆದಿಟ್ಟುಕೊಂಡು, ಬಂದ ಫಸಲನ್ನು ಕ್ರಮವಾಗಿ ಕಳುಹಿಸಿ, ಮುಗಿದಾಗ ‘ಮುಂದಿನ ವರ್ಷ ಮೊದಲು ನಿಮಗೇ’ ಎಂದರೆ ಗಿರಾಕಿ ಉಳಿಯುತ್ತಾನೆ. ಸರ್ವರ್ ಬೇಡ, ಒಂದು ನೋಟ್‌ಬುಕ್ ಸಾಕು.

ಟಿಕೆಟಿನ ಹಂಚಿಕೆ ಸರಿಯಾದರೂ ಇನ್ನೊಂದು ತೊಡಕು ಉಳಿಯುತ್ತದೆ. ಒಂದು ಬೆಟ್ಟಕ್ಕೆ ಬೀಗ ಹಾಕಿದರೆ ಜನ ಮನೆಗೆ ಮರಳುವುದಿಲ್ಲ. ಹೋಂಸ್ಟೇ ಬುಕ್ ಆಗಿದೆ, ಕಾರಿಗೆ ಪೆಟ್ರೋಲ್ ಹಾಕಿಸಿದ್ದಾರೆ. ತಡಿಯಂಡಮೋಳ್ ಸಿಗದವರು ಮಾಂದಲಪಟ್ಟಿಯ ಜೀಪಿನ ಸಾಲಿಗೆ, ಅಬ್ಬಿ ಜಲಪಾತದ ರಸ್ತೆಗೆ, ದುಬಾರೆಯ ದೋಣಿಗೆ, ರಾಜಾಸೀಟಿನ ಸಂಜೆಗೆ ಬರುತ್ತಾರೆ. 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರಿರುವ ಜಿಲ್ಲೆ ಇದು. ಸಾಲು ರಜೆಯಲ್ಲಿ ಮಡಿಕೇರಿಯ ಇಳಿಜಾರು ರಸ್ತೆಗಳಲ್ಲಿ ಆಂಬುಲೆನ್ಸ್ ಹೇಗೆ ದಾಟುತ್ತದೆ ಎಂಬುದನ್ನು ಇಲ್ಲಿನವರನ್ನೇ ಕೇಳಬೇಕು. ತಮಿಳುನಾಡು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್. 2025ರ ಬೇಸಿಗೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ. ಸ್ಥಳೀಯರ ವಾಹನಗಳಿಗೆ ವಿನಾಯಿತಿ. ನಮ್ಮ ಜಿಲ್ಲೆಗೂ ಅದು ಬೇಕೇ ಎಂಬ ಚರ್ಚೆಗೆ ಹೋಟೆಲಿನವರದ್ದು ಒಂದು ಮಾತು, ತೋಟದವರದ್ದು ಇನ್ನೊಂದು. ನನ್ನ ಮತ ಕೇಳಿದರೆ, 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆಗೆ ವಾಹನಗಳ ಲೆಕ್ಕವಾದರೂ ಇರಲೇಬೇಕು.

ಕಕ್ಕಬೆಯಲ್ಲಿ ನಾಲ್ಕುನಾಡು ಅರಮನೆಯ ಬಳಿಯಿಂದ ತಡಿಯಂಡಮೋಳ್ ದಾರಿ ಶುರುವಾಗುತ್ತದೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಅರಮನೆ, ಶತ್ರುಗಳಿಗೆ ಸುಲಭಕ್ಕೆ ಸಿಗದ ಜಾಗ ನೋಡಿ ಕಟ್ಟಿಸಿದ್ದು. ಅಲ್ಲಿನ ಜೀಪ್ ಚಾಲಕರು, ದಾರಿ ತೋರಿಸುವ ಹುಡುಗರು, ಊಟ ಕಟ್ಟಿಕೊಡುವ ಮನೆಯವರು ಈ ಟಿಕೆಟ್ ವ್ಯವಸ್ಥೆಯ ಪಾಲುದಾರರು. ಅವರನ್ನು ಯಾವ ಸಭೆಗೂ ಕರೆದಂತಿಲ್ಲ. ನಾಳೆ ಬರುವವರು ಎಷ್ಟು ಎಂಬುದು ಅವರಿಗೆ ಹಿಂದಿನ ದಿನ ಗೊತ್ತಾದರೆ ಎಷ್ಟು ಜೀಪು, ಎಷ್ಟು ಕಡುಬು ಎಂದು ತೀರ್ಮಾನಿಸಬಹುದು. ಆ ಅಂಕಿ ಇಲಾಖೆಯ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ಬರೆದರೂ ಸಾಕು.

ಅರಣ್ಯ ಇಲಾಖೆಗೆ ಒಂದು ಬೇಡಿಕೆ. ವಾರದ ದಿನಗಳ ಟಿಕೆಟ್ ಈಗಿನಂತೆಯೇ ಮಾರಿ, ಅಭ್ಯಂತರವಿಲ್ಲ. ಶನಿವಾರ, ಭಾನುವಾರ ಮತ್ತು ಸಾಲು ರಜೆಗಳ 300ರಲ್ಲಿ 240ನ್ನು ಚೀಟಿ ಎತ್ತಿ ಕೊಡಿ, ನೋಂದಣಿಗೆ ಒಂದು ವಾರ ಬಿಡಿ. 30ನ್ನು ಜಿಲ್ಲೆಯ ನಿವಾಸಿಗಳಿಗೆ ಚೆಕ್‌ಪೋಸ್ಟಿನಲ್ಲೇ ಆಧಾರ್ ನೋಡಿ ಕೊಡಿ. ಉಳಿದ 30 ಮತ್ತು ರದ್ದಾದವುಗಳನ್ನು ಹಿಂದಿನ ದಿನ ಸಂಜೆ ಬಿಡಿ. ಚೆಕ್‌ಪೋಸ್ಟಿಗೆ ಇನ್ನಿಬ್ಬರು ವಾಚರ್‌ಗಳನ್ನೂ ಸಿಗ್ನಲ್ ಇಲ್ಲದೆಯೂ ಕ್ಯೂಆರ್ ಓದುವ ಒಂದು ಯಂತ್ರವನ್ನೂ ಕೊಡಿ. ಇದಕ್ಕೆ ಹೊಸ ಕಾನೂನು ಬೇಡ, ವಿದೇಶಿ ಕಂಪನಿಯ ಸರತಿ ತಂತ್ರಾಂಶವೂ ಬೇಡ. ಮುಂದಿನ ಹಂಗಾಮು ತೆರೆಯುವ ಮೊದಲು ಒಂದು ಸುತ್ತೋಲೆ ಹೊರಟರೆ ಆಯಿತು.